ಬೋರ್‌ವೆಲ್ ನೀರು ಕುಡಿಯುವ ಮನೆಗಳಿಗೆ: ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಪತ್ತೆಯಿಂದ ಪರಿಹಾರದವರೆಗೆ

ಪಾವಗಡ, ಶಿರಾ, ಮುಂಡರಗಿ, ಬಾಗೇಪಲ್ಲಿ ಸೀಮೆಯಲ್ಲಿ ಹಲ್ಲು ಕಂದುಗಟ್ಟಿದ ಮಕ್ಕಳಿದ್ದಾರೆ. ನಲವತ್ತೈದಕ್ಕೇ ಸೊಂಟ ಹಿಡಿದು, ನೆಲಕ್ಕೆ ಕೂತರೆ ಏಳಲು ಇನ್ನೊಬ್ಬರ ಕೈ ಬೇಕಾಗುವ ಹೆಂಗಸರಿದ್ದಾರೆ. ಇವರ್‍ಯಾರೂ ಕೊಳಕು ನೀರು ಕುಡಿದವರಲ್ಲ. ಅವರ ಬಿಂದಿಗೆಯ ನೀರು ತಿಳಿಯಾಗಿಯೇ ಇತ್ತು, ವಾಸನೆ ಇರಲಿಲ್ಲ, ಅದನ್ನು ಕುಡಿದು ಯಾರಿಗೂ ಮಾರನೆಯ ದಿನ ವಾಂತಿ ಭೇದಿ ಆಗಲಿಲ್ಲ. ಕಲ್ಲಿನಿಂದ ಕರಗಿ ಬಂದ ವಿಷ ಹತ್ತು ಹದಿನೈದು ವರ್ಷ ಸದ್ದಿಲ್ಲದೆ ಮೂಳೆ ಸೇರಿತು, ಅಷ್ಟೆ.

ನೀರಿನ ಕಾಯಿಲೆ ಎಂದ ಕೂಡಲೇ ನಮಗೆ ನೆನಪಾಗುವುದು ಕಾಲರಾ, ಟೈಫಾಯಿಡ್, ಕಾಮಾಲೆ. ಅವು ಕ್ರಿಮಿಗಳಿಂದ ಬರುವಂಥವು, ನೀರು ಕುದಿಸಿದರೆ ಕ್ರಿಮಿ ಸಾಯುತ್ತದೆ. ಈ ಬರಹ ಸಾಯದ ವಸ್ತುಗಳ ಬಗ್ಗೆ: ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ಯುರೇನಿಯಂ, ಸೀಸ, ಕ್ರೋಮಿಯಂ. ಇವು ಎಲ್ಲಿಂದ ಬರುತ್ತವೆ, ಮೈಗೆ ಏನು ಮಾಡುತ್ತವೆ, ನಿಮ್ಮ ನೀರಿನಲ್ಲಿ ಇವೆಯೇ ಎಂದು ತಿಳಿಯುವುದು ಹೇಗೆ, ಇದ್ದರೆ ಏನು ಮಾಡಬೇಕು ಎಂಬುದನ್ನು ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ. ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ನೀರಿನಲ್ಲಿ ಯಾವ ವಸ್ತು ಇದೆ ಎಂದು ಗೊತ್ತಾಗುವ ತನಕ ಫಿಲ್ಟರ್ ಕೊಳ್ಳಬೇಡಿ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಏನೂ ಮಾಡದಿರಬಹುದು.

ಶುರು ಮಾಡುವ ಮೊದಲು ಮೂರು ನಂಬಿಕೆಗಳನ್ನು ಬದಿಗಿಡಿ

ಕುದಿಸಿದ ನೀರು ಸುರಕ್ಷಿತ ಎಂಬುದು ಮೊದಲನೆಯದು. ಕುದಿಸಿದಾಗ ಆವಿಯಾಗುವುದು ನೀರು ಮಾತ್ರ, ಕರಗಿದ ಫ್ಲೋರೈಡ್, ನೈಟ್ರೇಟ್ ಪಾತ್ರೆಯಲ್ಲೇ ಉಳಿಯುತ್ತವೆ. ಎರಡು ಲೀಟರ್ ನೀರು ಕುದಿದು ಒಂದೂವರೆ ಲೀಟರಿಗೆ ಇಳಿದರೆ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಮೂರನೇ ಒಂದು ಪಾಲು ಹೆಚ್ಚಾಗಿರುತ್ತದೆ. ಕ್ರಿಮಿಯ ಭಯವಿದ್ದಲ್ಲಿ ಕುದಿಸಲೇಬೇಕು, ಆದರೆ ಅದರಿಂದ ಇವು ಹೋದವು ಎಂದುಕೊಳ್ಳಬೇಡಿ. ಕ್ಯಾಂಡಲ್ ಫಿಲ್ಟರ್, ಯುವಿ ಯಂತ್ರ, ಕ್ಲೋರಿನ್ ಮಾತ್ರೆ, ತಾಮ್ರದ ಚೊಂಬಿನಲ್ಲಿ ರಾತ್ರಿಯಿಡೀ ಇಟ್ಟ ನೀರು, ಎಲ್ಲದರ ಕಥೆಯೂ ಇದೇ.

ಎರಡನೆಯದು ಟಿಡಿಎಸ್ ಮೀಟರಿನ ಮೇಲಿನ ಭರವಸೆ. ಆ ಕಡ್ಡಿ ನೀರಿನಲ್ಲಿ ಕರೆಂಟು ಎಷ್ಟು ಹರಿಯುತ್ತದೆ ಎಂದು ಅಳೆದು, ಒಟ್ಟು ಲವಣ ಇಷ್ಟಿರಬಹುದು ಎಂದು ಅಂದಾಜು ತೋರಿಸುತ್ತದೆ. ಯಾವ ಲವಣ ಎಂದು ಅದಕ್ಕೆ ತಿಳಿಯದು. ಒಂದು ಲೀಟರಿಗೆ 0.01 ಮಿಲಿಗ್ರಾಂ ಆರ್ಸೆನಿಕ್ ಮಿತಿಯಾದರೆ, ಅದರ ಹತ್ತು ಪಟ್ಟು ಆರ್ಸೆನಿಕ್ ಇದ್ದರೂ ಮೀಟರಿನ ಅಂಕಿ ಕದಲುವುದಿಲ್ಲ. ಟಿಡಿಎಸ್ 300 ಇರುವ ನೀರು ವಿಷವಾಗಿರಬಹುದು, 900 ಇರುವ ನೀರು ಸವಳಾಗಿ ರುಚಿಗೆಟ್ಟಿದ್ದರೂ ಹಾನಿ ಮಾಡದಿರಬಹುದು.

ಮೂರನೆಯದು, ಆಳದಿಂದ ಬಂದ ನೀರು ಶುದ್ಧ ಎಂಬುದು. ನಮ್ಮ ಬಯಲುಸೀಮೆಯಲ್ಲಿ ಬಹುಮಟ್ಟಿಗೆ ಇದರ ತಿರುವುಮುರುವು ನಿಜ. ಸಾವಿರ ಅಡಿಯ ಬಿರುಕಿನಲ್ಲಿ ನಿಂತ ನೀರು ಕಲ್ಲಿನೊಂದಿಗೆ ದೀರ್ಘಕಾಲ ಇದ್ದು, ಅದರೊಳಗಿನದನ್ನೆಲ್ಲ ಕರಗಿಸಿಕೊಂಡಿರುತ್ತದೆ.

ಹೆಜ್ಜೆ 1: ನಿಮ್ಮ ನೆಲವನ್ನು ನೋಡಿ, ಯಾವುದನ್ನು ಹುಡುಕಬೇಕು ಎಂದು ತೀರ್ಮಾನಿಸಿ

ಎಲ್ಲವನ್ನೂ ಪರೀಕ್ಷೆ ಮಾಡಿಸಿದರೆ ದುಡ್ಡು ಹೆಚ್ಚು. ಸುತ್ತಲಿನ ನೆಲ, ಕಸುಬು, ಪೈಪು ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಫ್ಲೋರೈಡ್ ನಮ್ಮ ರಾಜ್ಯದ ದೊಡ್ಡ ಸಮಸ್ಯೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ಗದಗ, ರಾಯಚೂರು ಜಿಲ್ಲೆಗಳ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕದಂಥ ಖನಿಜಗಳಿವೆ. ಮಳೆ ಕಡಿಮೆ, ಬಿಸಿಲು ಹೆಚ್ಚು, ನೀರು ಕ್ಷಾರೀಯ, ಅದರಲ್ಲಿ ಕ್ಯಾಲ್ಸಿಯಂ ಕಡಿಮೆ, ಬೈಕಾರ್ಬನೇಟ್ ಜಾಸ್ತಿ: ಇಷ್ಟು ಕೂಡಿದ ಕಡೆ ಫ್ಲೋರೈಡ್ ಸಲೀಸಾಗಿ ಕರಗುತ್ತದೆ. ಇಲ್ಲೊಂದು ಗಮನಿಸಬೇಕಾದ ಸಂಗತಿ. ಸೋಪು ಚೆನ್ನಾಗಿ ನೊರೆ ಬರುವ, ಬೇಳೆ ಬೇಗ ಬೇಯುವ ಮೆದು ನೀರನ್ನು ನಾವು ಒಳ್ಳೆಯ ನೀರು ಎನ್ನುತ್ತೇವೆ. ಫ್ಲೋರೈಡ್ ಸೀಮೆಯಲ್ಲಿ ಅಂಥ ಮೆದು ಬೋರ್ ನೀರನ್ನೇ ಮೊದಲು ಅನುಮಾನಿಸಬೇಕು, ಏಕೆಂದರೆ ನೀರಿನಲ್ಲಿ ಕ್ಯಾಲ್ಸಿಯಂ ಇದ್ದಿದ್ದರೆ ಫ್ಲೋರೈಡನ್ನು ಒಂದು ಮಟ್ಟಕ್ಕೆ ಹಿಡಿದು ನಿಲ್ಲಿಸುತ್ತಿತ್ತು. ಫ್ಲೋರೈಡಿನಿಂದ ಹಲ್ಲು, ಮೂಳೆ ಕೆಡುವ ಕಾಯಿಲೆಗೆ ಫ್ಲೋರೋಸಿಸ್ ಎನ್ನುತ್ತಾರೆ. ಭಾರತದಲ್ಲಿ ಈ ಕಾಯಿಲೆಯ ವೈದ್ಯಕೀಯ ವರದಿ ಮೊದಲು ಬಂದದ್ದು 1937ರಲ್ಲಿ, ಅಂದಿನ ನೆಲ್ಲೂರು ಜಿಲ್ಲೆಯಿಂದ. ಆಗ ಅದು ಬಾವಿ ನೀರಿನ ಕಾಯಿಲೆ. ಬೋರ್‌ವೆಲ್ ಯುಗ ಬಂದ ಮೇಲೆ ಅದು ಆಳಕ್ಕೂ ಅಗಲಕ್ಕೂ ಹಬ್ಬಿತು.

ನೈಟ್ರೇಟ್ ಮಾತ್ರ ಕಲ್ಲಿನ ತಪ್ಪಲ್ಲ, ನಮ್ಮದು. ಹೊಲಕ್ಕೆ ಅಳತೆ ಮೀರಿ ಸುರಿದ ಯೂರಿಯಾ, ಬೋರ್‌ವೆಲ್ ಪಕ್ಕದ ತಿಪ್ಪೆ, ದನದ ಕೊಟ್ಟಿಗೆಯ ಗಂಜಲ, ಕಾಂಕ್ರೀಟ್ ತಳವಿಲ್ಲದ ಶೌಚದ ಗುಂಡಿ, ಊರ ಚರಂಡಿ ಎಲ್ಲವೂ ಮೇಲಿನಿಂದ ಇಳಿಯುತ್ತವೆ. ಆದ್ದರಿಂದ ಇದು ತೆರೆದ ಬಾವಿ, ಕಡಿಮೆ ಆಳದ ಬೋರುಗಳಲ್ಲಿ ಹೆಚ್ಚು. ಮಳೆ ಬಿದ್ದ ಮೇಲೆ ಏರುವುದೂ ಉಂಟು. ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ಹಾಕದೆ ಬಿಟ್ಟ ಬೋರುಗಳಲ್ಲಿ ಕೊಳೆನೀರು ಪೈಪಿನ ಹೊರಬದಿ ಹಿಡಿದು ನೇರ ಕೆಳಗಿಳಿಯುತ್ತದೆ. ನಗರದ ಹೊರವಲಯದ ಲೇಔಟುಗಳಲ್ಲಿ ಬೋರ್‌ವೆಲ್ಲೂ ಶೌಚದ ಗುಂಡಿಯೂ ಒಂದೇ ಸೈಟಿನೊಳಗೆ ಇರುವುದರಿಂದ ಅಲ್ಲೂ ಇದನ್ನು ಹುಡುಕಲೇಬೇಕು.

ಆರ್ಸೆನಿಕ್ ಎಂದರೆ ಬಂಗಾಳದ ಸಮಸ್ಯೆ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲಿ 1983ರಲ್ಲಿ ಕಲ್ಕತ್ತೆಯ ಚರ್ಮವೈದ್ಯ ಕೆ.ಸಿ. ಸಾಹಾ ಅವರು ರೋಗಿಗಳ ಮೈಮೇಲಿನ ಗುರುತು ನೋಡಿ ಪತ್ತೆ ಹಚ್ಚಿದ್ದು ನಿಜ. ಆದರೆ ನಮ್ಮ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲೂ ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಜನ ನರಳಿದ್ದು ದಾಖಲಾಗಿದೆ. ಚಿನ್ನದ ಅದಿರಿನ ಜೊತೆ ಆರ್ಸೆನೊಪೈರೈಟ್ ಎಂಬ ಖನಿಜ ಇರುತ್ತದೆ. ರಾಯಚೂರು, ಯಾದಗಿರಿಯ ಚಿನ್ನದ ಪಟ್ಟಿಯಲ್ಲಿ, ಹಳೆಯ ಗಣಿಯ ಮಣ್ಣುದಿಬ್ಬಗಳ ಹತ್ತಿರ ಇರುವವರು ಆರ್ಸೆನಿಕ್ ಪರೀಕ್ಷೆ ಬಿಡಬಾರದು.

ಯುರೇನಿಯಂ ಹೆಸರು ಕೇಳಿ ಗಾಬರಿಯಾಗಬೇಡಿ. ಗ್ರಾನೈಟಿನಲ್ಲಿ ಅದು ಸ್ವಲ್ಪ ಇದ್ದೇ ಇರುತ್ತದೆ. ಅಂತರ್ಜಲ ಬಹಳ ಕುಸಿದ ರಾಜ್ಯದ ಪೂರ್ವ ಭಾಗದ ಜಿಲ್ಲೆಗಳಲ್ಲಿ ಆಳದ ಬೋರುಗಳಲ್ಲಿ ಮಿತಿ ಮೀರಿದ ಮಾದರಿಗಳು ಸಿಕ್ಕಿವೆ. ಅದರಿಂದ ಮುಖ್ಯ ಅಪಾಯ ವಿಕಿರಣಕ್ಕಿಂತ ಹೆಚ್ಚಾಗಿ ಮೂತ್ರಪಿಂಡದ ಮೇಲೆ, ಒಂದು ಭಾರಲೋಹವಾಗಿ.

ಕ್ರೋಮಿಯಂ ಕಾರ್ಖಾನೆ ಪ್ರದೇಶದ್ದು. ಬೆಂಗಳೂರಿನ ಪೀಣ್ಯದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ತ್ಯಾಜ್ಯದಿಂದ ಅಂತರ್ಜಲಕ್ಕೆ ಸೇರಿದ ಕ್ರೋಮಿಯಂ ಬಹುಕಾಲದಿಂದ ಗೊತ್ತಿರುವ ಸಂಗತಿ. ಚರ್ಮ ಹದ ಮಾಡುವ, ಲೋಹಕ್ಕೆ ಮೆರುಗು ಹಾಕುವ ಘಟಕಗಳ ಆಸುಪಾಸಿನ ಬೋರ್ ನೀರು ಕುಡಿಯಲೇಬೇಡಿ ಎಂಬುದು ನನ್ನ ಸಲಹೆ.

ಸೀಸ ಮೂಲದಿಂದ ಬರುವುದು ಅಪರೂಪ, ಮನೆಯೊಳಗಿನ ಪೈಪಿನಿಂದ ಬರುತ್ತದೆ. ಹಳೆಯ ಪಿವಿಸಿ ಪೈಪುಗಳಿಗೆ ಪ್ಲಾಸ್ಟಿಕ್ ಬಿಸಿಗೆ ಕೆಡದಿರಲೆಂದು ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಅದನ್ನು ಕೈಬಿಡಿಸುವ ನಿಯಮ ಕೇಂದ್ರ ಸರ್ಕಾರದಿಂದ ಬಂದದ್ದು 2021ರಲ್ಲಿ. ಹಿತ್ತಾಳೆ ನಲ್ಲಿ, ಬೆಸುಗೆಯ ಜೋಡಣೆಗಳಲ್ಲೂ ಸೀಸ ಇರಬಹುದು.

ಇನ್ನು ಕಬ್ಬಿಣ ಮತ್ತು ಗಡಸುತನ. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ನೆಲದಲ್ಲಿ ಕಬ್ಬಿಣ ಹೆಚ್ಚು: ಬಟ್ಟೆ ಕೆಂಪಾಗುತ್ತದೆ, ಚಹಾ ಕಪ್ಪಾಗುತ್ತದೆ. ಬಯಲುಸೀಮೆಯಲ್ಲಿ ಗಡಸು: ಗೀಸರಿನಲ್ಲಿ ಬಿಳಿ ಪದರ ಕಟ್ಟುತ್ತದೆ, ಬೇಳೆ ಬೇಯುವುದಿಲ್ಲ. ಜನ ಅತಿ ಹೆಚ್ಚು ದೂರುವುದು ಈ ಎರಡನ್ನೇ, ಆದರೆ ಆರೋಗ್ಯಕ್ಕೆ ಇವುಗಳಿಂದ ಆಗುವ ಕೆಡುಕು ಮೇಲಿನವುಗಳ ಮುಂದೆ ಅತ್ಯಲ್ಪ. ಕಣ್ಣಿಗೆ ಕಾಣುವುದಕ್ಕೆ ಹೆದರಿ ಕಾಣದ್ದನ್ನು ಮರೆಯಬಾರದು.

ಹೆಜ್ಜೆ 2: ಮನೆಯವರ ಮೈ ನೋಡಿ

ನೀರಿನ ವರದಿ ಬರುವ ಮೊದಲೇ ಕೆಲವು ಗುರುತುಗಳು ಸಿಗುತ್ತವೆ.

ಮಕ್ಕಳ ಬಾಯಿ ತೆರೆಸಿ ಮುಂದಿನ ಶಾಶ್ವತ ಹಲ್ಲುಗಳನ್ನು ಬೆಳಕಿನಲ್ಲಿ ನೋಡಿ. ಸುಣ್ಣದ ಬಿಳುಪಿನ ಮಚ್ಚೆ, ಹಲ್ಲಿಗೆ ಅಡ್ಡಲಾಗಿ ಹಳದಿ ಅಥವಾ ಕಂದು ಗೆರೆ ಇದ್ದು, ಅದು ಎಡಬಲ ಎರಡೂ ಕಡೆಯ ಹಲ್ಲುಗಳಲ್ಲಿ ಜೋಡಿಯಾಗಿ ಕಂಡರೆ, ಉಜ್ಜಿದರೂ ಹೋಗದಿದ್ದರೆ ಫ್ಲೋರೋಸಿಸ್ ಇರಬಹುದು. ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ, ಅಂದರೆ ಸುಮಾರು ಎಂಟು ವರ್ಷದೊಳಗೇ, ಆಗುವ ಹಾನಿ ಇದು. ಮದುವೆಯಾಗಿ ಆ ಊರಿಗೆ ಬಂದ ಸೊಸೆಯ ಹಲ್ಲು ಬೆಳ್ಳಗಿದ್ದು, ಅಲ್ಲೇ ಹುಟ್ಟಿ ಬೆಳೆದ ಅವಳ ಮಕ್ಕಳ ಹಲ್ಲು ಕಂದಾಗಿದ್ದರೆ ಕಾರಣ ನೀರೇ ಇರಬಹುದು. ಆದರೆ ಸೊಸೆಯ ಮೂಳೆಯೂ ಸುರಕ್ಷಿತ ಎಂದು ಇದರ ಅರ್ಥವಲ್ಲ.

ದೊಡ್ಡವರಿಗೆ ಮೂರು ಸರಳ ಪರೀಕ್ಷೆಗಳಿವೆ. ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಲಿ. ಗಲ್ಲವನ್ನು ಎದೆಗೆ ತಾಗಿಸಲಿ. ಎರಡೂ ಕೈಯನ್ನು ಎತ್ತಿ ತಲೆಯ ಹಿಂದೆ ಕೂಡಿಸಲಿ. ವಯಸ್ಸಾಗದಿದ್ದರೂ ಇವು ಆಗದೆ, ಬೆನ್ನು, ಕುತ್ತಿಗೆ, ಕೀಲುಗಳು ಬಿಗಿದಿದ್ದರೆ ಅದನ್ನು ವಾತ ಎಂದು ಬಿಟ್ಟುಬಿಡಬೇಡಿ. ನೋವಿನ ಮಾತ್ರೆ ನುಂಗುತ್ತಾ ಅದೇ ನೀರು ಕುಡಿಯುತ್ತಾ ಹೋದವರು ಕೊನೆಗೆ ನಡು ಬಗ್ಗಿದ್ದನ್ನು ಈ ಸೀಮೆಯ ಪ್ರತಿ ಆಶಾ ಕಾರ್ಯಕರ್ತೆಯೂ ನೋಡಿರುತ್ತಾಳೆ. ಆಸ್ಪತ್ರೆಯಲ್ಲಿ ಮೂತ್ರದ ಫ್ಲೋರೈಡ್ ಪರೀಕ್ಷೆ ಮತ್ತು ಮುಂಗೈ ಎಕ್ಸ್‌ರೇ ಮಾಡಿಸಿ ಖಚಿತಪಡಿಸಿಕೊಳ್ಳಬಹುದು. ಫ್ಲೋರೋಸಿಸ್ ತಡೆಗೆ 2008-09ರಿಂದ ಕೇಂದ್ರದ ಕಾರ್ಯಕ್ರಮವೊಂದು ನಡೆದಿದೆ, ನಿಮ್ಮ ಜಿಲ್ಲೆ ಅದರಲ್ಲಿದೆಯೇ ಎಂದು ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. ಬೆಳೆಯುವ ಮಕ್ಕಳಲ್ಲಿ, ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದಲ್ಲಿ, ಮಂಡಿಗಳು ಒಳಕ್ಕೆ ಬಾಗುವುದೂ ಉಂಟು.

ಆರ್ಸೆನಿಕ್ ಆದರೆ ಎದೆ, ಬೆನ್ನಿನ ಮೇಲೆ ಮಳೆಹನಿ ಸಿಡಿದ ಹಾಗೆ ಕಪ್ಪು ಬಿಳಿ ಚುಕ್ಕೆಗಳು, ಅಂಗೈ ಅಂಗಾಲಿನಲ್ಲಿ ಕಾಳುಕಾಳಾಗಿ ಗಟ್ಟಿ ಚರ್ಮ. ಕಾಣಿಸಿಕೊಳ್ಳಲು ವರ್ಷಗಳು ಹಿಡಿಯುತ್ತವೆ. ಮುಂದೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರಿಗೆ ದಾರಿಯಾಗಬಹುದು.

ನೈಟ್ರೇಟ್ ಮಾತ್ರ ದಿನಗಳಲ್ಲೇ ಕೆಡುಕು ಮಾಡಬಲ್ಲದು, ಅದೂ ಆರು ತಿಂಗಳೊಳಗಿನ ಕೂಸಿಗೆ. ಬಾಟಲಿ ಹಾಲನ್ನು ಇಂಥ ನೀರಿನಲ್ಲಿ ಕಲಸಿ ಕೊಟ್ಟರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದಿ ತುಟಿ, ಉಗುರು ನೀಲಿಗಟ್ಟುತ್ತವೆ. ಹಾಗೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಎದೆಹಾಲು ಕುಡಿಯುವ ಕೂಸಿಗೆ ಈ ಭಯವಿಲ್ಲ. ಆರು ತಿಂಗಳ ತನಕ ಎದೆಹಾಲು ಬಿಟ್ಟು ಒಂದು ಚಮಚ ನೀರೂ ಬೇಡ ಎನ್ನುವುದಕ್ಕೆ ಇದೂ ಒಂದು ಕಾರಣ.

ಸೀಸಕ್ಕೆ ಹೊರಗೆ ಕಾಣುವ ಗುರುತು ಇಲ್ಲವೆನ್ನುವಷ್ಟು ಕಡಿಮೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ಪೆಟ್ಟು ಕೊಡುತ್ತದೆ, ಇಷ್ಟಾದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅನುಮಾನವಿದ್ದರೆ ಮಗುವಿನ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸುವುದೊಂದೇ ದಾರಿ.

ಹೆಜ್ಜೆ 3: ಸ್ಯಾಂಪಲ್ ಸರಿಯಾಗಿ ತೆಗೆಯಿರಿ

ಲ್ಯಾಬ್ ಎಷ್ಟೇ ಒಳ್ಳೆಯದಿರಲಿ, ಸ್ಯಾಂಪಲ್ ಕೆಟ್ಟಿದ್ದರೆ ವರದಿಯೂ ಕೆಟ್ಟದ್ದೇ. ಇಲ್ಲಿ ಅವಸರ ಬೇಡ.

ಮೊದಲು ಪಂಚಾಯಿತಿಗೆ ಹೋಗಿ ಫೀಲ್ಡ್ ಟೆಸ್ಟ್ ಕಿಟ್ ಕೇಳಿ. ಜಲಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲೂ ಐದು ಮಂದಿ ಹೆಂಗಸರಿಗೆ ಇದರ ತರಬೇತಿ ಕೊಡಬೇಕೆಂದಿದೆ. ಫ್ಲೋರೈಡಿನ ಪರೀಕ್ಷೆಯಲ್ಲಿ ದ್ರಾವಣದ ಗುಲಾಬಿ ಬಣ್ಣ ಹಳದಿಯತ್ತ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ಬಣ್ಣದ ಪಟ್ಟಿಗೆ ಹೋಲಿಸಿ ನೋಡುವುದನ್ನು ನೆರಳಿನಲ್ಲಿ, ಹಗಲು ಬೆಳಕಿನಲ್ಲಿ ಮಾಡಿ. ಕಿಟ್‌ನ ಅವಧಿ ಮುಗಿದಿಲ್ಲ ಎಂದು ಡಬ್ಬಿಯ ಮೇಲೆ ನೋಡುವುದು ಮರೆಯಬೇಡಿ. ಕಿಟ್ ಹೇಳುವುದು ಅಂದಾಜು, ಅದರಲ್ಲಿ ಹೆಚ್ಚು ಕಂಡರೆ ಲ್ಯಾಬಿಗೆ ಕಳಿಸಿ. ಆರ್ಸೆನಿಕ್, ಸೀಸ, ಯುರೇನಿಯಂ ಆದರೆ ನೇರ ಲ್ಯಾಬಿಗೇ.

ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ಅಲ್ಪ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಖಾಸಗಿ ಲ್ಯಾಬ್ ಆದರೆ ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸಿ ಮಾನ್ಯ ಮಾಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ, ಇದ್ದರೆ ನೀವು ಕೇಳುವ ವಸ್ತುವಿಗೇ ಇದೆಯೇ ಎಂದು ವಿಚಾರಿಸಿ. ಫಿಲ್ಟರ್ ಮಾರುವವರು ಮನೆಗೆ ಬಂದು ಉಚಿತವಾಗಿ ಮಾಡುವ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡು ತಂತಿ ಇಳಿಸಿ ಕರೆಂಟು ಹಾಯಿಸಿದಾಗ ನೀರು ಕಂದಾಗುವುದು ಆ ತಂತಿಯ ಕಬ್ಬಿಣ ಕರಗಿದ್ದರಿಂದ.

ಸ್ಯಾಂಪಲ್ ತೆಗೆಯುವ ಕ್ರಮ ಹೀಗೆ:

1. ಲ್ಯಾಬಿನವರೇ ಕೊಟ್ಟ ಬಾಟಲಿ ಒಳ್ಳೆಯದು. ಇಲ್ಲವಾದರೆ ಒಂದು ಲೀಟರಿನ ಹೊಸ ಪ್ಲಾಸ್ಟಿಕ್ ಬಾಟಲಿ. ಫ್ಲೋರೈಡಿಗೆ ಗಾಜಿನ ಬಾಟಲಿ ಬೇಡ.
2. ಬೋರ್‌ವೆಲ್ ಮೋಟಾರನ್ನು ಐದರಿಂದ ಹತ್ತು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಓವರ್‌ಹೆಡ್ ಟ್ಯಾಂಕಿನದನ್ನು ಬಿಟ್ಟು ಬೋರಿನ ಬಾಯಿಯ ನೀರನ್ನೇ ಹಿಡಿಯಿರಿ.
3. ಅದೇ ನೀರಿನಲ್ಲಿ ಬಾಟಲಿ, ಮುಚ್ಚಳ ಎರಡನ್ನೂ ಮೂರು ಸಲ ತೊಳೆದು, ಕುತ್ತಿಗೆಯವರೆಗೆ ತುಂಬಿ ಬಿಗಿಯಾಗಿ ಮುಚ್ಚಿ. ಲ್ಯಾಬ್ ಬಾಟಲಿಯೊಳಗೆ ಆಮ್ಲ ಹಾಕಿ ಕೊಟ್ಟಿದ್ದರೆ ಮಾತ್ರ ತೊಳೆಯಬೇಡಿ. ಲೋಹಗಳು ಬಾಟಲಿಯ ಗೋಡೆಗೆ ಅಂಟದಿರಲು ಹಾಕಿದ ಆಮ್ಲ ಅದು.
4. ಸೀಸಕ್ಕೆ ಕ್ರಮ ಬೇರೆ. ರಾತ್ರಿಯಿಡೀ ನಲ್ಲಿ ತಿರುಗಿಸದೆ ಬಿಟ್ಟು, ಬೆಳಿಗ್ಗೆ ಅಡುಗೆಮನೆಯ ನಲ್ಲಿಯಿಂದ ಬರುವ ಮೊದಲ ನೀರನ್ನೇ ಹಿಡಿಯಬೇಕು.
5. ಊರು, ಬೋರಿನ ಆಳ, ದಿನಾಂಕ, ಸಮಯ ಬರೆದ ಚೀಟಿ ಅಂಟಿಸಿ. ನೈಟ್ರೇಟ್ ಪರೀಕ್ಷೆಗಾದರೆ ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ, ತಪ್ಪಿದರೆ ಮರುದಿನ ತಲುಪಿಸಿ.

ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ ಮಾಡಿಸಿದರೆ ನೀರಿನ ನಿಜವಾದ ಚಿತ್ರ ಸಿಗುತ್ತದೆ. ಬೋರನ್ನು ಇನ್ನಷ್ಟು ಆಳಕ್ಕೆ ಕೊರೆಸಿದ್ದರೆ ಹಳೆಯ ವರದಿ ರದ್ದಿಗೆ ಹೋಯಿತೆಂದೇ ತಿಳಿಯಿರಿ.

ಹೆಜ್ಜೆ 4: ವರದಿ ಓದುವುದು

ಭಾರತೀಯ ಮಾನಕ ಐಎಸ್ 10500 ಪ್ರಕಾರ ಒಂದು ಲೀಟರ್ ನೀರಿನಲ್ಲಿ ಇರಬಹುದಾದ ಮಿತಿಗಳು ಇವು: ಫ್ಲೋರೈಡ್ 1 ಮಿಲಿಗ್ರಾಂ, ಬೇರೆ ಮೂಲ ಇಲ್ಲದಾಗ 1.5. ನೈಟ್ರೇಟ್ 45. ಆರ್ಸೆನಿಕ್ 0.01. ಸೀಸ 0.01. ಕ್ರೋಮಿಯಂ 0.05. ಯುರೇನಿಯಂಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 0.03. ಗಡಸುತನ 200, ಬೇರೆ ದಾರಿ ಇಲ್ಲದಿದ್ದರೆ 600. ಟಿಡಿಎಸ್ 500, ಬೇರೆ ದಾರಿ ಇಲ್ಲದಿದ್ದರೆ 2000.

ಅಂಕಿ ನೋಡುವಾಗ ಮೂರು ಕಡೆ ಎಡವುತ್ತೇವೆ. ಒಂದು, ಅಳತೆಯ ಘಟಕ. ಮಿಲಿಗ್ರಾಂ ಬದಲು ಮೈಕ್ರೋಗ್ರಾಂ ಅಥವಾ ಪಿಪಿಬಿ ಎಂದು ಬರೆದಿದ್ದರೆ ಸಾವಿರದಿಂದ ಭಾಗಿಸಿ: 10 ಪಿಪಿಬಿ ಎಂದರೆ 0.01 ಮಿಲಿಗ್ರಾಂ. ಎರಡು, ನೈಟ್ರೇಟ್. ಕೆಲವು ಲ್ಯಾಬುಗಳು ಅದನ್ನು ನೈಟ್ರೋಜನ್ ಲೆಕ್ಕದಲ್ಲಿ ಕೊಡುತ್ತವೆ, ಆಗ 4.43ರಿಂದ ಗುಣಿಸಿ 45ಕ್ಕೆ ಹೋಲಿಸಬೇಕು. ವರದಿಯಲ್ಲಿ 12 ಎಂದು ನೋಡಿ ನೆಮ್ಮದಿಯಾಗಿ ಕೂತರೆ, ನಿಜದಲ್ಲಿ ಅದು 53. ಮೂರು, ಬಿಡಿಎಲ್ ಎಂಬ ಮೂರಕ್ಷರ. ಪತ್ತೆಯ ಮಟ್ಟಕ್ಕಿಂತ ಕಡಿಮೆ ಎಂದು ಅದರ ಅರ್ಥ. ಲ್ಯಾಬಿನ ಯಂತ್ರ 0.05ಕ್ಕಿಂತ ಕಡಿಮೆ ಆರ್ಸೆನಿಕ್ಕನ್ನು ಪತ್ತೆ ಮಾಡಲಾರದು ಎಂದಾದರೆ ಆ ಬಿಡಿಎಲ್‌ಗೆ ಬೆಲೆಯಿಲ್ಲ. ನಿಮ್ಮ ಪತ್ತೆಯ ಮಟ್ಟ ಎಷ್ಟು ಎಂದು ಕೇಳಿ ಬರೆಸಿಕೊಳ್ಳಿ.

ನಮ್ಮ ಬಿಸಿಲಿಗೆ ಹೊಲದಲ್ಲಿ ದುಡಿಯುವವರು ನಾಲ್ಕೈದು ಲೀಟರ್ ನೀರು ಕುಡಿಯುತ್ತಾರೆ. ಮುದ್ದೆ, ಅನ್ನ, ಸಾರು ಎಲ್ಲ ಅದೇ ನೀರಿನಲ್ಲಿ ಬೇಯುತ್ತದೆ. ಹೀಗಾಗಿ ಫ್ಲೋರೈಡ್ 1.5ಕ್ಕಿಂತ ಕಡಿಮೆ ಇದೆ ಎಂದು ಸುಮ್ಮನಾಗದೆ, 1 ದಾಟಿದ ಕೂಡಲೇ, ಅದರಲ್ಲೂ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಬೇರೆ ನೀರು ಹುಡುಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೆಜ್ಜೆ 5: ವಸ್ತುವಿಗೆ ತಕ್ಕ ಪರಿಹಾರ

ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ಯುರೇನಿಯಂ, ಕ್ರೋಮಿಯಂ, ಸೀಸ ಎಲ್ಲವನ್ನೂ ಬಹುಪಾಲು ತಡೆಯುವುದು ಆರ್‌ಒ, ಅಂದರೆ ನೀರನ್ನು ಒತ್ತಡದಿಂದ ಅತಿ ಸೂಕ್ಷ್ಮ ಪೊರೆಯೊಂದರ ಮೂಲಕ ಹಾಯಿಸುವ ಯಂತ್ರ. ಮನೆಗೆ ಹಾಕಿಸುವಾಗ ಒಂದು ಸಂಗತಿ ಯಾರೂ ಹೇಳುವುದಿಲ್ಲ. ನೀರಿನ ರುಚಿಗಾಗಿ ಯಂತ್ರದಲ್ಲಿ ಟಿಡಿಎಸ್ ಕಂಟ್ರೋಲರ್ ಎಂಬ ತಿರುಪು ಇರುತ್ತದೆ. ಅದನ್ನು ತೆರೆದರೆ ಆರ್‌ಒ ಪೊರೆ ದಾಟದ ಕಚ್ಚಾ ನೀರು ಶುದ್ಧ ನೀರಿಗೆ ಬೆರೆಯುತ್ತದೆ, ಜೊತೆಗೆ ತೆಗೆದ ಫ್ಲೋರೈಡೂ ಮರಳುತ್ತದೆ. ನಿಮ್ಮ ನೀರಿನಲ್ಲಿ ಮೇಲಿನ ಯಾವ ವಸ್ತುವೇ ಮಿತಿ ಮೀರಿರಲಿ, ಆ ತಿರುಪು ಪೂರ್ತಿ ಮುಚ್ಚಿರಬೇಕು. ಮೆಕ್ಯಾನಿಕ್ ಬಂದು ಹೋದಾಗಲೆಲ್ಲ ನೋಡಿಕೊಳ್ಳಿ.

ಟಿಡಿಎಸ್ ಮೀಟರಿಗೆ ಇಲ್ಲಿ ಒಂದು ಒಳ್ಳೆಯ ಕೆಲಸವಿದೆ. ಒಳಹೋಗುವ ನೀರಿನ ಅಂಕಿ 1000 ಇದ್ದು ಹೊರಬರುವುದು 60, 80 ಇದ್ದರೆ ಪೊರೆ ಗಟ್ಟಿಯಾಗಿದೆ. ಅದು ತಿಂಗಳು ತಿಂಗಳಿಗೆ ಏರುತ್ತಾ 200 ಮುಟ್ಟಿದರೆ ಪೊರೆ ಸೋತಿದೆ, ಬದಲಾಯಿಸಿ. ವರ್ಷಕ್ಕೊಮ್ಮೆ ಹೊರಬರುವ ನೀರನ್ನೇ ಲ್ಯಾಬಿಗೆ ಕೊಡಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕಕ್ಕೂ ಇದೇ ಮಾತು: ನಾಣ್ಯ ಹಾಕಿದರೆ ನೀರು ಬರುತ್ತದೆ ಎಂದ ಮಾತ್ರಕ್ಕೆ ಒಳಗಿನ ಪೊರೆ ಸರಿಯಿದೆ ಎಂದು ನಂಬಲಾಗದು. ಒಳ ಹೊರ ನೀರಿನ ವರದಿಯನ್ನು ಘಟಕದ ಗೋಡೆಗೆ ಅಂಟಿಸಿ ಎಂದು ಪಿಡಿಒ ಅವರಿಗೆ ಬರೆದುಕೊಡಿ.

ಆರ್‌ಒ ಹೊರಬಿಡುವ ನೀರಿನಲ್ಲಿ ಫ್ಲೋರೈಡ್, ನೈಟ್ರೇಟ್ ಮೂಲಕ್ಕಿಂತ ದಟ್ಟವಾಗಿರುತ್ತವೆ. ನೆಲ ಒರೆಸಲು, ಶೌಚಕ್ಕೆ ಬಳಸಿ. ಇಂಗುಗುಂಡಿಗೋ ಹಳೆಯ ಬೋರಿಗೋ ಬಿಟ್ಟರೆ ಅದೇ ವಿಷ ಮತ್ತೆ ನಿಮ್ಮ ಬಾಯಿಗೆ. ದನಕರುಗಳಿಗೂ ಕುಡಿಸಬೇಡಿ, ಫ್ಲೋರೈಡ್ ಅವುಗಳ ಹಲ್ಲು, ಮೂಳೆಯನ್ನೂ ಬಿಡುವುದಿಲ್ಲ.

ಕಾವೇರಿಯಂಥ ನದಿ ನೀರು ನಲ್ಲಿಯಲ್ಲಿ ಬರುವ ಮನೆಗೆ, ವರದಿ ಸರಿಯಿದ್ದರೆ, ಆರ್‌ಒ ಬೇಡ. ಇರುವ ಒಳ್ಳೆಯ ಖನಿಜವನ್ನೂ ಕಳೆದುಕೊಂಡು ನೀರನ್ನೂ ಚೆಲ್ಲುವುದು ಏಕೆ?

ಫ್ಲೋರೈಡ್ ಒಂದೇ ಸಮಸ್ಯೆಯಾಗಿದ್ದು ಕರೆಂಟು ನಂಬಲಾಗದ ಕಡೆ ಸಕ್ರಿಯ ಅಲ್ಯೂಮಿನಾ ಫಿಲ್ಟರ್ ಇದೆ. ಅದರ ಕಾಳುಗಳು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತವೆ, ತುಂಬಿದ ಮೇಲೆ ಕ್ಷಾರದಲ್ಲಿ ತೊಳೆದು ಮರುಜೀವ ಕೊಡಿಸಬೇಕು. ಆ ಕೆಲಸ ಮಾಡುವವರು ಹತ್ತಿರದಲ್ಲಿ ಇಲ್ಲವಾದರೆ ಕೊಳ್ಳಬೇಡಿ, ಕೆಲವೇ ತಿಂಗಳಲ್ಲಿ ಅದು ಬರೀ ಡಬ್ಬಿ. ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ ನೀರಿ (NEERI) ರೂಪಿಸಿದ ನಲಗೊಂಡ ವಿಧಾನದಲ್ಲಿ ಸುಣ್ಣ, ಬ್ಲೀಚಿಂಗ್ ಪೌಡರ್, ಆಮೇಲೆ ಪಟಿಕ ಹಾಕಿ ನಿಧಾನ ಕಲಕಿ, ಒಂದು ಗಂಟೆ ತಂಗಲು ಬಿಟ್ಟು ಮೇಲಿನ ತಿಳಿ ಬಸಿಯುತ್ತಾರೆ. ಪಟಿಕದ ಅಳತೆ ಆಯಾ ನೀರಿನ ಫ್ಲೋರೈಡ್ ಮತ್ತು ಕ್ಷಾರತೆಗೆ ತಕ್ಕಂತೆ ಬದಲಾಗುತ್ತದೆ. ಅಳತೆ ತಪ್ಪಿದರೆ ಅಲ್ಯೂಮಿನಿಯಂ ನೀರಿನಲ್ಲಿ ಉಳಿಯುತ್ತದೆ. ಆದ್ದರಿಂದ ಲ್ಯಾಬಿನ ಲೆಕ್ಕವಿಲ್ಲದೆ ಕೈಯಂದಾಜಿನಲ್ಲಿ ಮಾಡುವುದು ಸರಿಯಲ್ಲ.

ನೈಟ್ರೇಟಿಗೆ ಫಿಲ್ಟರಿಗಿಂತ ಮೊದಲು ಮೂಲ ಸರಿಪಡಿಸಿ. ತಿಪ್ಪೆಯನ್ನು ಬಾವಿಯಿಂದ ದೂರ, ಇಳಿಜಾರಿನ ಕೆಳಬದಿಗೆ ಸರಿಸಿ. ಬೋರಿನ ಸುತ್ತ ಸಿಮೆಂಟ್ ಕಟ್ಟೆ ಕಟ್ಟಿ ನೀರು ನಿಲ್ಲದಂತೆ ಮಾಡಿ. ಯೂರಿಯಾವನ್ನು ಒಂದೇ ಸಲ ಸುರಿಯದೆ ಮಣ್ಣು ಪರೀಕ್ಷೆ ನೋಡಿ ಕಂತಿನಲ್ಲಿ ಕೊಡಿ. ಹೀಗೆ ಮಾಡಿದರೂ ನೀರಿನ ನೈಟ್ರೇಟ್ ಇಳಿಯಲು ಕೆಲವು ವರ್ಷ ಬೇಕು, ಅಲ್ಲಿಯವರೆಗೆ ಕೂಸಿನ ಹಾಲಿಗೆ ಬೇರೆ ನೀರೇ ಗತಿ.

ಸೀಸಕ್ಕೆ ಸುಲಭದ ಉಪಾಯ: ಬೆಳಿಗ್ಗೆ ಮೊದಲ ಒಂದೆರಡು ನಿಮಿಷದ ನೀರನ್ನು ಬಕೆಟ್ಟಿಗೆ ಹಿಡಿದು ಗಿಡಕ್ಕೋ ನೆಲಕ್ಕೋ ಹಾಕಿ, ಆಮೇಲೆ ಕುಡಿಯಲು ತುಂಬಿ. ಗೀಸರಿನ ಬಿಸಿನೀರನ್ನು ಅಡುಗೆಗೆ, ಕಾಫಿಗೆ ಎಂದೂ ಬಳಸಬೇಡಿ. ಕಬ್ಬಿಣಕ್ಕಾದರೆ ನೀರನ್ನು ಎತ್ತರದಿಂದ ಗಾಳಿಗೆ ಚಿಮ್ಮಿಸಿ, ಕೆಂಪು ಗಸಿ ತಳಕ್ಕಿಳಿದ ಮೇಲೆ ಮರಳಿನಲ್ಲಿ ಸೋಸಿದರೆ ಸಾಕು. ಗಡಸು ತೆಗೆಯುವ ಸಾಫ್ಟ್‌ನರ್ ಫ್ಲೋರೈಡನ್ನು ಮುಟ್ಟುವುದಿಲ್ಲ, ಬದಲಿಗೆ ನೀರಿಗೆ ಸೋಡಿಯಂ ಸೇರಿಸುತ್ತದೆ. ಬಿ.ಪಿ. ಇರುವವರು ಆ ನೀರು ಕುಡಿಯಬಾರದು.

ಇವೆಲ್ಲ ಕುಡಿಯುವ, ಬೇಯಿಸುವ ನೀರಿಗೆ. ಸ್ನಾನ, ಬಟ್ಟೆ, ಪಾತ್ರೆಗೆ ಫ್ಲೋರೈಡ್ ನೀರನ್ನು ಧೈರ್ಯವಾಗಿ ಬಳಸಬಹುದು.

ಹೆಜ್ಜೆ 6: ಚಾವಣಿಯ ಮಳೆನೀರಿನ ಲೆಕ್ಕ ಹಾಕಿ

ಫ್ಲೋರೈಡ್ ಸೀಮೆಗೆ ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚುವ ಪರಿಹಾರ ಇದು. ಮಳೆನೀರಿನಲ್ಲಿ ಕಲ್ಲಿನ ಫ್ಲೋರೈಡಾಗಲಿ, ಆರ್ಸೆನಿಕ್ಕಾಗಲಿ, ಯುರೇನಿಯಂ ಆಗಲಿ ಇರುವುದಿಲ್ಲ. ನಮ್ಮಲ್ಲಿ ಮಳೆಯೇ ಇಲ್ಲವಲ್ಲ ಎನ್ನುವವರು ಲೆಕ್ಕ ನೋಡಿ.

ಒಂದು ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಐವತ್ತು ಚದರ ಮೀಟರಿನ ಆರ್‌ಸಿಸಿ ಮನೆ, ವರ್ಷಕ್ಕೆ 500 ಮಿಲಿಮೀಟರ್ ಮಳೆ, ಆವಿ ಸೋರಿಕೆಗೆಂದು ಐದನೇ ಒಂದು ಪಾಲು ಕಳೆದರೂ 20,000 ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಬೇಯಿಸಲು ದಿನಕ್ಕೆ 25 ಲೀಟರ್ ಎಂದರೆ ವರ್ಷಕ್ಕೆ ಬೇಕಾದದ್ದು 9,125. ಬಿದ್ದ ಮಳೆಯ ಅರ್ಧವೂ ಬೇಡ. ಮಳೆಯಿಲ್ಲದ ಆರು ತಿಂಗಳು ದಾಟಿಸಲು 4,500 ಲೀಟರ್ ಸಾಕು, ಅಂದರೆ 5,000 ಲೀಟರಿನ ಒಂದು ತೊಟ್ಟಿ. ಮಳೆ ಕೈಕೊಡುವ ವರ್ಷಕ್ಕೆಂದು ಸ್ವಲ್ಪ ದೊಡ್ಡದು ಕಟ್ಟಿಸಿದರೆ ಒಳ್ಳೆಯದು.

ಕಟ್ಟುವಾಗ ಗಮನಿಸಬೇಕಾದವು: ಮೊದಲ ಮಳೆಯ ಧೂಳು, ಹಕ್ಕಿಯ ಹಿಕ್ಕೆ ತೊಟ್ಟಿಗೆ ಹೋಗದಂತೆ ಹೊರಬಿಡಲು ಪೈಪಿಗೆ ಒಂದು ತಿರುವು ಬೇಕು. ನಡುವೆ ಜಲ್ಲಿ, ಇದ್ದಿಲು, ಮರಳಿನ ಸೋಸುಗುಂಡಿ. ತೊಟ್ಟಿಗೆ ಬೆಳಕು ಬೀಳಬಾರದು, ಬಿದ್ದರೆ ಪಾಚಿ ಕಟ್ಟುತ್ತದೆ. ಸೊಳ್ಳೆ ನುಗ್ಗದಂತೆ ಜಾಲರಿ ಹಾಕಿ, ನಲ್ಲಿ ಅಥವಾ ಕೈಪಂಪಿನಿಂದಲೇ ನೀರು ತೆಗೆಯಿರಿ, ಚೊಂಬು ಅದ್ದಬೇಡಿ. ಕಲ್ನಾರಿನ ಶೀಟು, ಹಳೆಯ ಪೇಂಟು ಬಳಿದ ಚಾವಣಿಯ ನೀರು ಕುಡಿಯಲು ಬೇಡ. ಮಳೆನೀರಿನಲ್ಲಿ ಕ್ರಿಮಿ ಇರಬಹುದು, ಇದನ್ನು ಕುದಿಸಿ ಕುಡಿಯಿರಿ. ಕುದಿಸುವುದು ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ.

ಹೆಜ್ಜೆ 7: ಊಟದಲ್ಲಿ ಬದಲಾವಣೆ

ಮೂಳೆ ಬಿಗಿದ ಮೇಲೆ ಅದನ್ನು ಹಿಂದಕ್ಕೆ ತಿರುಗಿಸುವ ಔಷಧ ಇಲ್ಲ. ಆದರೆ ನೀರು ಬದಲಿಸಿ, ಊಟ ಸುಧಾರಿಸಿದರೆ ಹೊಟ್ಟೆಯುಬ್ಬರ, ಸುಸ್ತು ತಗ್ಗುತ್ತದೆ, ಮುಂದಿನ ಹಾನಿ ನಿಲ್ಲುತ್ತದೆ. ಕ್ಯಾಲ್ಸಿಯಂ ಕರುಳಿನಲ್ಲೇ ಫ್ಲೋರೈಡನ್ನು ಹಿಡಿದು ಮೈಗೆ ಸೇರದಂತೆ ಮಾಡುತ್ತದೆ. ರಾಗಿ, ಹಾಲು, ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪು ನಮ್ಮಲ್ಲೇ ಇವೆ. ನೆಲ್ಲಿಕಾಯಿ, ನಿಂಬೆ, ಸೀಬೆಯ ಸಿ ಜೀವಸತ್ವವೂ ಸಹಾಯಕ. ಹಾಲಿಲ್ಲದ ಕಡುಚಹಾ ಮತ್ತು ಕಪ್ಪುಪ್ಪಿನಲ್ಲಿ ಫ್ಲೋರೈಡ್ ಸಾಕಷ್ಟಿರುತ್ತದೆ, ಈ ಸೀಮೆಯವರು ಅವನ್ನು ಬಿಡುವುದು ಲೇಸು. ಚಿಕ್ಕ ಮಕ್ಕಳು ಫ್ಲೋರೈಡ್ ಟೂತ್‌ಪೇಸ್ಟ್ ನುಂಗದಂತೆ ನೋಡಿಕೊಳ್ಳಿ. ಅಂಗನವಾಡಿ, ಶಾಲೆಯ ಬಿಸಿಯೂಟ ಯಾವ ನೀರಿನಲ್ಲಿ ಬೇಯುತ್ತಿದೆ ಎಂದು ಒಂದು ಸಲ ಹೋಗಿ ಕೇಳಿ. ಮನೆಯಲ್ಲಿ ಶುದ್ಧ ನೀರಿದ್ದು, ಮಗು ವಾರಕ್ಕೆ ಆರು ದಿನ ಹೊರಗೆ ಬೋರ್ ನೀರು ಕುಡಿದರೆ ಅರ್ಧ ಶ್ರಮ ವ್ಯರ್ಥ.

ಹೆಜ್ಜೆ 8: ಊರಿನ ದಾಖಲೆ

ನಿಮ್ಮ ವರದಿಯ ನಕಲನ್ನು ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮಿತಿ ಮೀರಿದ ಬೋರಿನ ಬಾಯಿಗೆ ಕೆಂಪು ಬಣ್ಣ ಬಳಿದು ಕುಡಿಯಲು ಅಲ್ಲ ಎಂದು ಬರೆಸಿ, ಇದಕ್ಕೆ ಗ್ರಾಮಸಭೆಯಲ್ಲಿ ಒಂದು ಅರ್ಜಿ ಸಾಕು. ಊರಿನಲ್ಲಿ ನಾಲ್ಕು ಬೋರುಗಳಿದ್ದರೆ ನಾಲ್ಕರ ಫ್ಲೋರೈಡೂ ಒಂದೇ ಇರುವುದಿಲ್ಲ. ನೂರು ಗಜದ ಅಂತರದಲ್ಲಿ ಒಂದು ಬೋರು 0.8, ಇನ್ನೊಂದು 3 ಇರುವುದು ಈ ಬಂಡೆಗಳಲ್ಲಿ ಸಾಧ್ಯ. ಕಡಿಮೆ ಇರುವ ಬೋರನ್ನು ಗುರುತಿಸಿ, ಅದರ ನೀರು ಬೇರೆ ಪೈಪಿನಲ್ಲಿ ಕುಡಿಯಲು ಮಾತ್ರ ಬರುವಂತೆ ಮಾಡಿದರೆ ಒಂದು ರೂಪಾಯಿಯ ಫಿಲ್ಟರೂ ಇಲ್ಲದೆ ಊರು ಉಳಿಯಬಹುದು. ನೀರು ಬಿಡುವ ವಾಟರ್‌ಮನ್‌ಗೆ ಯಾವ ದಿನ ಯಾವ ಬೋರು ಓಡುತ್ತದೆ ಎಂದು ಗೊತ್ತಿರುತ್ತದೆ, ಪಟ್ಟಿ ಮಾಡುವಾಗ ಅವರನ್ನು ಜೊತೆಗಿಟ್ಟುಕೊಳ್ಳಿ.

ಹೊಸ ಬೋರು ಕೊರೆದಾಗ ನೀರು ಸಿಕ್ಕಿತೆಂದು ಪೂಜೆ ಮಾಡಿ ಆ ದಿನವೇ ಟ್ಯಾಂಕಿಗೆ ಜೋಡಿಸುತ್ತಾರೆ. ಒಂದು ವಾರ ತಾಳಿ. ಕೊರೆದ ಕೆಸರೆಲ್ಲ ಹೋಗುವವರೆಗೆ ನೀರು ಹೊರಬಿಟ್ಟು, ಸ್ಯಾಂಪಲ್ ಕಳಿಸಿ, ಫ್ಲೋರೈಡ್, ನೈಟ್ರೇಟ್ ಮತ್ತು ನಿಮ್ಮ ಸೀಮೆಗೆ ತಕ್ಕಂತೆ ಆರ್ಸೆನಿಕ್ ಅಥವಾ ಯುರೇನಿಯಂ ವರದಿ ಕೈಗೆ ಬಂದ ಮೇಲೆಯೇ ಕುಡಿಯುವ ಲೈನಿಗೆ ಜೋಡಿಸಲು ಹೇಳಿ.